ಮಣ್ಣಿನಲ್ಲಿರುವ ಲೋಹ ಎಲ್ಲಿಗೆ ಹೋಗುತ್ತದೆ?

(ಭಾರಲೋಹ ಮತ್ತು ವಿರಳ ಭೂಧಾತುಗಳಿಂದ, ಅಂದರೆ ರೇರ್ ಅರ್ತ್ ಎನ್ನುವ ಧಾತುಗಳಿಂದ, ಮಣ್ಣು ಕೆಡುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ವೇದಿಕೆಯ ಮೇಲೆ ಅವಸರದಲ್ಲಿ ಹೇಳಿದ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹತ್ತಿರ ಏವನ್‌ಮೌತ್ ಎಂಬ ಜಾಗವಿದೆ. ಅಲ್ಲಿ ಸತು ಮತ್ತು ಸೀಸದ ಅದಿರು ಕರಗಿಸುವ ದೊಡ್ಡ ಕುಲುಮೆ ಇತ್ತು. 2003ರಲ್ಲಿ ಅದು ಮುಚ್ಚಿತು. ಅದರ ಸುತ್ತಲಿನ ಕಾಡುಗಳನ್ನು ವಿಜ್ಞಾನಿಗಳು ಹಲವು ದಶಕ ಅಧ್ಯಯನ ಮಾಡಿದರು. ಮರಗಳು ನಿಂತೇ ಇದ್ದವು, ಚಿಗುರುತ್ತಲೂ ಇದ್ದವು. ದೂರದಿಂದ ನೋಡಿದವರಿಗೆ ಏನೂ ತಪ್ಪು ಕಾಣುತ್ತಿರಲಿಲ್ಲ. ಆದರೆ ನೆಲದ ಮೇಲೆ ಬಿದ್ದ ತರಗೆಲೆ ಸರಿಯಾಗಿ ಕೊಳೆಯುತ್ತಿರಲಿಲ್ಲ. ಹಿಂದಿನ ವರ್ಷದ್ದು, ಅದರ ಹಿಂದಿನ ವರ್ಷದ್ದು ಪದರ ಪದರವಾಗಿ ಹಾಗೇ ಬಿದ್ದಿರುತ್ತಿತ್ತು. ಕೆದಕಿ ನೋಡಿದರೆ ಎರೆಹುಳು ಸಿಗುವುದೇ ಕಷ್ಟ.

ಲೋಹದಿಂದ ಮಣ್ಣು ಕೆಡುವುದು ಅಂದರೆ ಹೀಗೆ. ಸತ್ತ ಮೀನು ತೇಲುವುದಿಲ್ಲ, ವಾಸನೆ ಬರುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಮಣ್ಣಿನೊಳಗೆ ನಡೆಯಬೇಕಾದ ಒಂದು ಕೆಲಸ ನಿಂತುಹೋಗುತ್ತದೆ. ಎಲೆಯನ್ನು ತುಂಡು ಮಾಡುವ ಹುಳಗಳು ಕಡಿಮೆಯಾದವು, ತುಂಡಾದದ್ದನ್ನು ಕರಗಿಸುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ನಿಧಾನವಾದವು, ಎಲೆಯಲ್ಲಿದ್ದ ಪೋಷಕಾಂಶ ಬೇರಿಗೆ ವಾಪಸ್ ಬರಲಿಲ್ಲ. ಇಷ್ಟೇ. ಆದರೆ ಕಾಡು ಬದುಕಿರುವುದೇ ಈ ಕೆಲಸದ ಮೇಲೆ ಅಲ್ವಾ?

ಆ ತರಗೆಲೆಯಲ್ಲಿ ಬದುಕುಳಿದ ಜೀವಿಗಳ ಕತೆಯೂ ಗಮನಿಸುವಂಥದ್ದು. ಕಲ್ಲಿನಡಿ, ಎಲೆಯಡಿ ಇರುವ, ಮುಟ್ಟಿದರೆ ಮುದುಡುವ ಪುಟ್ಟ ಚಿಪ್ಪಿನ ಹುಳಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಕೆಲವು ಜಾತಿಯವು ತಿಂದ ಲೋಹವನ್ನು ಜೀರ್ಣಗ್ರಂಥಿಯಲ್ಲಿ ಕೂಡಿಡುತ್ತವೆ. ಅವನ್ನೇ ತಿಂದು ಬದುಕುವ ಒಂದು ಜೇಡವಿದೆ. ಅದು ಒಳಗೆ ಬಂದ ಲೋಹವನ್ನು ಕರುಳಿನ ಜೀವಕೋಶಗಳ ಸಮೇತ ಹೊರಗೆ ಹಾಕಿಬಿಡುತ್ತದೆ. ಎರೆಹುಳು ತಿನ್ನುವ ಮೂಗಿಲಿಗೆ ಈ ವಿದ್ಯೆ ಗೊತ್ತಿಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹ ಅದರ ಮೂತ್ರಪಿಂಡದಲ್ಲಿ ಹೋಗಿ ಕೂರುತ್ತದೆ. ಒಂದೇ ಕಾಡು, ಅದೇ ಲೋಹ. ಒಬ್ಬರು ಹೊರಗೆ ಹಾಕುತ್ತಾರೆ, ಇನ್ನೊಬ್ಬರ ಮೈಯಲ್ಲೇ ಉಳಿಯುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಇದರಲ್ಲೇ ಇದೆ. ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ಆ ಸಂಖ್ಯೆ ಬೇಕು, ನಿಜ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಅದು ಯಾವ ರೂಪದಲ್ಲಿದೆ? ಅಲ್ಲಿಂದ ಎಲ್ಲಿಗೆ ಹೊರಡಬಹುದು? ಯಾರ ಬಾಯಿಗೆ, ಯಾವ ಬೇರಿಗೆ ಸಿಗುತ್ತದೆ? ಈ ಪ್ರಶ್ನೆಗಳನ್ನು ಬಿಟ್ಟು ಬರೀ ಒಂದು ಸಂಖ್ಯೆ ಹಿಡಿದುಕೊಂಡರೆ, ಹೆದರಬೇಕಾದಲ್ಲಿ ಸುಮ್ನೆ ಇರುತ್ತೇವೆ, ಹೆದರಬೇಕಾಗಿಲ್ಲದ ಕಡೆ ಗಾಬರಿಯಾಗುತ್ತೇವೆ.

ಲೋಹ ಮಣ್ಣಿಗೆ ಬರುವ ದಾರಿಗಳು ನಿಮಗೆ ಹೆಚ್ಚುಕಡಿಮೆ ಗೊತ್ತಿರುವವೇ. ಗಣಿ, ಕುಲುಮೆ, ಕಲ್ಲಿದ್ದಲ ಬೂದಿ, ಕೊಳಚೆ ನೀರು, ಬ್ಯಾಟರಿ. ರಸ್ತೆ ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಜಗತ್ತಿನಲ್ಲಿ ಪೂರ್ತಿ ನಿಂತಿದ್ದು 2021ರಲ್ಲಿ, ಅಲ್ಜೀರಿಯಾ ಕೊನೆಯ ದೇಶ. ಆದರೂ ಹಳೆಯ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಆ ಸೀಸ ಇನ್ನೂ ಇದೆ. ದ್ರಾಕ್ಷಿ ತೋಟಗಳಿಗೆ 1880ರ ದಶಕದಿಂದ ಹೊಡೆಯುತ್ತ ಬಂದ ಬೋರ್ಡೋ ದ್ರಾವಣದ (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ರೋಗನಾಶಕ) ತಾಮ್ರವೂ ಹಾಗೆಯೇ. ಕೀಟನಾಶಕವಾದರೆ ನಿಧಾನಕ್ಕಾದರೂ ಒಡೆದು ಬೇರೇನೋ ಆಗುತ್ತದೆ. ಲೋಹ ಧಾತು. ಅದು ಒಡೆಯುವುದಿಲ್ಲ. ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಅಷ್ಟೇ.

ರಸಗೊಬ್ಬರದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ರಂಜಕದ ಗೊಬ್ಬರ ಮಾಡುವುದು ರಾಕ್ ಫಾಸ್ಫೇಟ್ ಎಂಬ ಕಲ್ಲಿನಿಂದ. ಹಳೆಯ ಸಮುದ್ರದ ತಳದಲ್ಲಿ ಕೂತು ಆದ ಕಲ್ಲಿನಲ್ಲಿ ಕ್ಯಾಡ್ಮಿಯಂ ಜಾಸ್ತಿ, ಶಿಲಾರಸದಿಂದ ಆದದ್ದರಲ್ಲಿ ಕಡಿಮೆ. ಎರಡರಲ್ಲೂ ವಿರಳ ಭೂಧಾತುಗಳಿರುತ್ತವೆ. ಹಾಗಾಗಿ ಗೊಬ್ಬರದ ಚೀಲದ ಜೊತೆ ಇವೂ ಹೊಲಕ್ಕೆ ಬರುತ್ತವೆ. ಐರೋಪ್ಯ ಒಕ್ಕೂಟ 2022ರಿಂದ ಒಂದು ಮಿತಿ ಹಾಕಿದೆ. ಗೊಬ್ಬರದಲ್ಲಿರುವ ಪ್ರತಿ ಕಿಲೋ ರಂಜಕದ ಪೆಂಟಾಕ್ಸೈಡ್‌ಗೆ (ಗೊಬ್ಬರದ ರಂಜಕವನ್ನು ಲೆಕ್ಕ ಹಾಕುವ ರೂಪ ಇದು) 60 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಬಾರದು. ಒಂದು ವರ್ಷದಲ್ಲಿ ಬರುವುದು ತೀರಾ ಸಣ್ಣ ಪ್ರಮಾಣ. ಆದರೆ ಹೊಲ ಒಂದು ವರ್ಷದ್ದಲ್ಲವಲ್ಲ.

ಚೀನಾ 2005ರಿಂದ 2013ರವರೆಗೆ ದೇಶದ ಮಣ್ಣಿನ ಸಮೀಕ್ಷೆ ಮಾಡಿ 2014ರಲ್ಲಿ ಅದರ ಸಾರಾಂಶ ಹೊರಗೆ ಬಿಟ್ಟಿತು. ಪರೀಕ್ಷಿಸಿದ ಜಾಗಗಳಲ್ಲಿ ಶೇ 16.1 ಮಿತಿ ಮೀರಿದ್ದವು. ಕೃಷಿ ಭೂಮಿಯಲ್ಲಿ ಶೇ 19.4. ಕ್ಯಾಡ್ಮಿಯಂ ಒಂದರಿಂದಲೇ ಶೇ 7. ಅಂಥ ಸಮೀಕ್ಷೆ ಮಾಡಿ, ಫಲಿತಾಂಶ ಹೇಳಿದ್ದು ದೊಡ್ಡ ಕೆಲಸ. ಅಳೆಯದ ದೇಶಗಳ ಮಣ್ಣು ಇದಕ್ಕಿಂತ ಶುದ್ಧ ಅಂದುಕೊಳ್ಳಲು ಕಾರಣವಿಲ್ಲ.

ಈಗ ಒಂದು ಭತ್ತದ ಗದ್ದೆಗೆ ಇಳಿಯೋಣ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್ಜು ಎಂಬ ನದಿ. ಮೇಲೆ ಕಾಮಿಯೋಕ ಗಣಿ, ಸತು ಮತ್ತು ಸೀಸದ್ದು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಇದ್ದೇ ಇರುತ್ತದೆ. ಗಣಿಯ ತೊಳೆನೀರು ನದಿಗೆ, ನದಿ ನೀರು ಗದ್ದೆಗೆ, ಗದ್ದೆಯಿಂದ ಅಕ್ಕಿಗೆ. ಹೆಚ್ಚಾಗಿ ವಯಸ್ಸಾದ ಹೆಂಗಸರಿಗೆ ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾಯಿತು. ನೋವು, ನೋವು ಎಂದು ಅವರು ಕೂಗುತ್ತಿದ್ದ ಕೂಗೇ ಇತಾಯ್ ಇತಾಯ್ ಎಂದು ರೋಗದ ಹೆಸರಾಯಿತು. 1968ರಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ರೋಗ ಎಂದು ಒಪ್ಪಿಕೊಂಡಿತು. ಗದ್ದೆಗಳ ಮೇಲೆ ಹೊಸ ಮಣ್ಣು ಹಾಸಿ ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಅದಕ್ಕೇ ಮೂರು ದಶಕಕ್ಕಿಂತ ಹೆಚ್ಚು ಹಿಡಿಯಿತು.

ಆ ಗದ್ದೆಯ ಮಣ್ಣಿನೊಳಗೆ ಏನು ನಡೆಯುತ್ತದೆ ನೋಡಿ. ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಉಸಿರಾಡಲು ಬೇರೆ ವಸ್ತು ಹುಡುಕುತ್ತವೆ. ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಕೊನೆಗೆ ಸಲ್ಫೇಟ್. ಸಲ್ಫೇಟ್ ಸಲ್ಫೈಡ್ ಆದ ತಕ್ಷಣ ಕ್ಯಾಡ್ಮಿಯಂ ಅದಕ್ಕೆ ಅಂಟಿಕೊಂಡು ಕರಗದ ಪುಡಿಯಾಗುತ್ತದೆ. ಬೇರಿಗೆ ಸಿಗುವುದಿಲ್ಲ. ಅಂದರೆ ನೀರು ನಿಂತ ಗದ್ದೆಯಲ್ಲಿ ಕ್ಯಾಡ್ಮಿಯಂ ಇದ್ದೂ ಇಲ್ಲದಂತೆ. ಕೊಯ್ಲು ಹತ್ತಿರ ಬಂತು ಎಂದು ಗದ್ದೆಯ ನೀರನ್ನು ಹೊರಗೆ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಗಾಳಿ ಒಳಗೆ ಹೋಗುತ್ತದೆ, ಸಲ್ಫೈಡ್ ಒಡೆಯುತ್ತದೆ, ಮಣ್ಣು ಹುಳಿಯಾಗುತ್ತದೆ, ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ. ಅದೇ ಹೊತ್ತಿಗೆ ತೆನೆಯಲ್ಲಿ ಕಾಳು ಕಟ್ಟುತ್ತಿರುತ್ತದೆ. ಭತ್ತದ ಬೇರಿನಲ್ಲಿ ಮ್ಯಾಂಗನೀಸ್ ಒಳಗೆ ಬಿಡಲು ಇರುವ ಬಾಗಿಲಿನಿಂದಲೇ ಕ್ಯಾಡ್ಮಿಯಂ ನುಗ್ಗುತ್ತದೆ. ಮಣ್ಣಿನಲ್ಲಿರುವ ಒಟ್ಟು ಕ್ಯಾಡ್ಮಿಯಂ ಒಂದು ಚೂರೂ ಬದಲಾಗಿಲ್ಲ. ಆದರೆ ಅಕ್ಕಿ ಬದಲಾಯಿತು.

ಅದಕ್ಕೇ ಜಪಾನಿನಲ್ಲಿ ತೆನೆ ಒಡೆಯುವ ಹಿಂದಿನ ಮೂರು ವಾರ, ಮುಂದಿನ ಮೂರು ವಾರ ಗದ್ದೆಯಲ್ಲಿ ನೀರು ನಿಂತೇ ಇರಲಿ ಎಂದು ರೈತರಿಗೆ ಹೇಳುತ್ತಾರೆ. ಒಳ್ಳೆಯ ಉಪಾಯ. ಆದರೆ ಮಣ್ಣಿನಲ್ಲಿ ಆರ್ಸೆನಿಕ್ ಕೂಡ ಇದ್ದರೆ? ಆರ್ಸೆನಿಕ್ ಇರುವುದು ಕಬ್ಬಿಣದ ತುಕ್ಕಿಗೆ ಅಂಟಿಕೊಂಡು. ನೀರು ನಿಂತು ಆ ತುಕ್ಕು ಕರಗಿದಾಗ ಆರ್ಸೆನಿಕ್ ಹೊರಗೆ ಬರುತ್ತದೆ, ಸಿಲಿಕಾ ಹೋಗುವ ದಾರಿಯಲ್ಲಿ ಭತ್ತದ ಒಳಗೆ ಹೋಗುತ್ತದೆ. ಗದ್ದೆಯಲ್ಲಿ ನೀರು ನಿಂತರೆ ಒಂದು ವಿಷ, ಹೊರಗೆ ಬಿಟ್ಟರೆ ಇನ್ನೊಂದು. ಎರಡೂ ಇರುವ ಗದ್ದೆಯ ರೈತನಿಗೆ ನೀರಿನ ಲೆಕ್ಕಾಚಾರ ಎಷ್ಟು ಕಷ್ಟ ಎಂದು ಯೋಚಿಸಿ. ಮಿತಿಯ ಪಟ್ಟಿ ನೋಡಿ ಹೇಳುವ ಯಾವ ಸಲಹೆಯೂ ಅವನಿಗೆ ಸಾಕಾಗುವುದಿಲ್ಲ.

ವಿರಳ ಭೂಧಾತುಗಳ ವಿಷಯಕ್ಕೆ ಬರುತ್ತೇನೆ. ಪತ್ರಿಕೆಗಳಲ್ಲಿ ರೇರ್ ಅರ್ತ್ ಎಂದು ಓದಿರುತ್ತೀರಿ. ಲ್ಯಾಂಥನಮ್‌ನಿಂದ ಲುಟೇಷಿಯಂವರೆಗಿನ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಯಿಟ್ರಿಯಂ, ಒಟ್ಟು 17. ನೆಲದ ಹೊರಪದರದಲ್ಲಿ ಸೀರಿಯಂ ಸೀಸಕ್ಕಿಂತ ಹೆಚ್ಚಿದೆ. ಇವು ಎಲ್ಲ ಮಣ್ಣಿನಲ್ಲೂ ಇವೆ, ಮೊದಲಿನಿಂದಲೂ ಇವೆ. ಹೊಸದು ಏನೆಂದರೆ ನಾವು ಇವನ್ನು ಅಗೆದು, ಬೇರ್ಪಡಿಸಿ, ಮ್ಯಾಗ್ನೆಟ್, ದೀಪ, ಪೆಟ್ರೋಲ್ ಶುದ್ಧೀಕರಿಸುವ ವೇಗವರ್ಧಕ, ಗಾಜಿಗೆ ಹೊಳಪು ಕೊಡುವ ಪುಡಿ ಹೀಗೆ ನೂರು ಕಡೆ ಬಳಸಿ, ಮತ್ತೆ ಮಣ್ಣಿಗೆ ಬಿಡುತ್ತಿರುವುದು. ಮರುಬಳಕೆ ತೀರಾ ಕಡಿಮೆ.

ದಕ್ಷಿಣ ಚೀನಾದ ಜಿಯಾಂಗ್ಸಿ ಪ್ರಾಂತದ ಗಾಂಜೌ ಸುತ್ತಮುತ್ತ ಗುಡ್ಡಗಳ ಜೇಡಿಮಣ್ಣಿನಲ್ಲಿ ಈ ಧಾತುಗಳು ಸಡಿಲವಾಗಿ ಅಂಟಿಕೊಂಡಿವೆ. ಮೊದಮೊದಲು ಗುಡ್ಡದ ಮಣ್ಣನ್ನೇ ಕೆರೆದು ತೊಳೆಯುತ್ತಿದ್ದರು. ಆಮೇಲೆ ಗುಡ್ಡದಲ್ಲಿ ತೂತು ಕೊರೆದು ಅಮೋನಿಯಂ ಸಲ್ಫೇಟ್ ದ್ರಾವಣ ಸುರಿಯುವ ವಿಧಾನ ಬಂತು. ಅಮೋನಿಯಂ ಜೇಡಿಗೆ ಅಂಟಿಕೊಳ್ಳುತ್ತದೆ, ಧಾತು ಬಿಟ್ಟುಬರುತ್ತದೆ, ಬುಡದಲ್ಲಿ ದ್ರಾವಣ ಹಿಡಿಯುತ್ತಾರೆ. ಮಯನ್ಮಾರ್‌ನ ಕಚಿನ್ ರಾಜ್ಯದಲ್ಲಿ ಈಗ ನಡೆಯುತ್ತಿರುವುದೂ ಇದೇ ಕೆಲಸ. ಅಮೋನಿಯಂ ಸಲ್ಫೇಟ್ ಅಂದರೆ ಗೊಬ್ಬರ ತಾನೇ, ಏನಾಗುತ್ತದೆ ಎಂದು ಕೇಳಬಹುದು. ಗುಡ್ಡದೊಳಗೆ ಉಳಿದ ಅಮೋನಿಯಂ ನಿಧಾನವಾಗಿ ನೈಟ್ರೇಟ್ ಆಗುತ್ತದೆ. ಆಗುವಾಗ ಆಮ್ಲ ಬಿಡುತ್ತದೆ. ಮಣ್ಣು ಹುಳಿಯಾದಂತೆ ಅದರಲ್ಲಿ ಮೊದಲೇ ಇದ್ದ ಸೀಸ, ಕ್ಯಾಡ್ಮಿಯಂ, ಅಲ್ಯೂಮಿನಿಯಂ ಸಡಿಲವಾಗುತ್ತವೆ. ಬಾವಿ ನೀರಿಗೆ ನೈಟ್ರೇಟ್, ತೊರೆಗೆ ಲೋಹ. ಗಣಿ ಬಿಟ್ಟು ಹೋದ ಮೇಲೂ ಇದು ವರ್ಷಗಟ್ಟಲೆ ನಡೆಯುತ್ತದೆ.

ಉತ್ತರ ಚೀನಾದ ಬಾಯನ್ ಓಬೋ ಗಣಿಯ ತೊಂದರೆ ಬೇರೆ ಬಗೆಯದು. ಅಲ್ಲಿನ ಅದಿರಿನಲ್ಲಿ ಥೋರಿಯಂ ಇದೆ, ಅದು ವಿಕಿರಣ ಬೀರುವ ಧಾತು. ಬೇರ್ಪಡಿಸಿ ಉಳಿದ ಕೆಸರು ಬಾವೊಟೊ ನಗರದ ಹೊರಗಿನ ದೊಡ್ಡ ಕಟ್ಟೆಯಲ್ಲಿ ಬಿದ್ದಿದೆ. ಒಣಗಿದರೆ ಗಾಳಿಯಲ್ಲಿ ಧೂಳಾಗಿ ಹೊಲಗಳಿಗೆ ಹೋಗುತ್ತದೆ. ಹಾಗಾಗಿ ವಿರಳ ಭೂಧಾತುಗಳ ಅಪಾಯ ಎನ್ನುವಾಗ ಮೊದಲು ನೋಡಬೇಕಾದ್ದು ಅವುಗಳ ಜೊತೆ ಬರುವವರನ್ನು: ಆಮ್ಲ, ಅಮೋನಿಯಂ, ಫ್ಲೋರೈಡ್, ಥೋರಿಯಂ, ಸೀಸ.

ಇನ್ನು ಆ ಧಾತುಗಳೇ ಏನು ಮಾಡುತ್ತವೆ? ಲ್ಯಾಂಥನಮ್ ಅಯಾನಿನ (ವಿದ್ಯುದಂಶ ಹೊತ್ತ ಪರಮಾಣುವಿನ) ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ತುಂಬಾ ಹತ್ತಿರ, ಆದರೆ ವಿದ್ಯುದಂಶ ಒಂದು ಹೆಚ್ಚು. ಜೀವಕೋಶದಲ್ಲಿ ಕ್ಯಾಲ್ಸಿಯಂ ಹೋಗುವ ಕಿಂಡಿಗೆ ಅದು ಅಡ್ಡ ಕೂರುತ್ತದೆ. ಪ್ರಯೋಗಾಲಯದಲ್ಲಿ ಆ ಕಿಂಡಿ ಮುಚ್ಚಲು ಲ್ಯಾಂಥನಮ್ಮನ್ನೇ ಬಳಸುತ್ತಾರೆ. ಇದರಲ್ಲೂ ಒಂದು ವಿಚಿತ್ರವಿದೆ. ತೀರಾ ಸ್ವಲ್ಪ ಕೊಟ್ಟರೆ ಕೆಲವು ಬೆಳೆಗಳು ಚೆನ್ನಾಗಿಯೇ ಬೆಳೆಯುತ್ತವೆ. ಚೀನಾದಲ್ಲಿ ದಶಕಗಳಿಂದ ಇವನ್ನು ಸೂಕ್ಷ್ಮ ಗೊಬ್ಬರವಾಗಿ ಹೊಲಕ್ಕೆ ಹಾಕಿದ್ದಾರೆ. ಜಾಸ್ತಿಯಾದರೆ ಅದೇ ಬೇರು ಕುಗ್ಗುತ್ತದೆ. ಮಣ್ಣಿನಲ್ಲಿ ರಂಜಕ ಇದ್ದರೆ ಇವು ಫಾಸ್ಫೇಟ್ ಆಗಿ ಗಟ್ಟಿಯಾಗಿ ಕೂತುಬಿಡುತ್ತವೆ, ಸದ್ಯಕ್ಕೆ ಅದು ನಮ್ಮ ಅದೃಷ್ಟ. ಹುಳಿಮಣ್ಣಿನಲ್ಲಿ ಆ ಅದೃಷ್ಟ ಕಡಿಮೆ.

ನನಗೆ ಚಿಂತೆ ಇರುವುದು ಇಲ್ಲಿ. ಕ್ಯಾಡ್ಮಿಯಂಗೆ, ಸೀಸಕ್ಕೆ ಮಣ್ಣಿನ ಮಿತಿಗಳಿವೆ. ವಿರಳ ಭೂಧಾತುಗಳಿಗೆ ಹೆಚ್ಚಿನ ದೇಶಗಳಲ್ಲಿ ಅಂಥ ಮಿತಿಯೇ ಇಲ್ಲ. ಜಿನ್ಜು ನದಿಯ ದಂಡೆಯಲ್ಲಿ ಹೆಂಗಸರ ಮೂಳೆ ಮುರಿದ ಮೇಲೆ ಕ್ಯಾಡ್ಮಿಯಂ ಮಿತಿಯ ಬಗ್ಗೆ ಯೋಚಿಸಿದರು. ಈ ಧಾತುಗಳಿಗೂ ರೋಗಿಗಳು ಬರಲಿ ಎಂದು ಕಾಯುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ.

ಕಾಯಬೇಕಾಗಿಯೂ ಇಲ್ಲ. ಯಾಕೆಂದರೆ ಇವುಗಳನ್ನು ಪತ್ತೆ ಹಚ್ಚುವ ಒಂದು ಸೊಗಸಾದ ವಿಧಾನವಿದೆ. ನನಗೆ ಬಹಳ ಇಷ್ಟವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾವುದೇ ಸಹಜ ಮಣ್ಣು ತೆಗೆದುಕೊಂಡು ಈ ಧಾತುಗಳನ್ನು ಪರಮಾಣು ಸಂಖ್ಯೆಯ ಕ್ರಮದಲ್ಲಿ ಅಳೆದು ಗೆರೆ ಎಳೆಯಿರಿ. ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. 57ನೆಯ ಲ್ಯಾಂಥನಮ್ ಕಡಿಮೆ, 58ನೆಯ ಸೀರಿಯಂ ಹೆಚ್ಚು, 59 ಕಡಿಮೆ, 60ನೆಯ ನಿಯೋಡಿಮಿಯಂ ಹೆಚ್ಚು. ಸಮಸಂಖ್ಯೆಯವು ಯಾವಾಗಲೂ ಪಕ್ಕದ ಬೆಸಸಂಖ್ಯೆಯವಕ್ಕಿಂತ ಜಾಸ್ತಿ. ನಕ್ಷತ್ರಗಳಲ್ಲಿ ಧಾತುಗಳು ಹುಟ್ಟಿದಾಗಲೇ ಬಿದ್ದ ಗುರುತು ಅದು. ಈಗ ಪ್ರತಿ ಅಳತೆಯನ್ನೂ ಒಂದು ಪ್ರಮಾಣಿತ ಜೇಡಿಶಿಲೆಯ ಅಳತೆಯಿಂದ ಭಾಗಿಸಿ. ಹಲ್ಲುಗಳು ಮಾಯವಾಗಿ ಗೆರೆ ನಯವಾಗುತ್ತದೆ. ಸೀರಿಯಂ ಮತ್ತು ಯುರೋಪಿಯಂ ಮಾತ್ರ ಸಹಜವಾಗಿಯೇ ಸ್ವಲ್ಪ ಏರುಪೇರಾಗಬಹುದು, ಅವುಗಳ ರಸಾಯನ ಬೇರೆ. ಮಿಕ್ಕವು ಒಟ್ಟಿಗೇ ಹೋಗುತ್ತವೆ. ಪ್ರಕೃತಿ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಎತ್ತುವುದಿಲ್ಲ. ಕಾರ್ಖಾನೆ ಮಾತ್ರ ಆರಿಸುತ್ತದೆ. ಹಾಗಾಗಿ ನಯವಾದ ಗೆರೆಯಲ್ಲಿ ಒಂದೇ ಧಾತು ಚುಚ್ಚಿಕೊಂಡು ನಿಂತರೆ, ಅದು ಮನುಷ್ಯನ ಕೈ.

1996ರಲ್ಲಿ ಬರ್ಲಿನ್ ಸುತ್ತಲಿನ ನದಿಗಳಲ್ಲಿ ಗ್ಯಾಡೊಲಿನಿಯಂ ಹೀಗೆ ಎದ್ದು ಕಂಡಿತು. ಮೂಲ ಹುಡುಕಿದರೆ ಆಸ್ಪತ್ರೆಗಳು. ಎಂಆರ್‌ಐ ಸ್ಕ್ಯಾನ್ ಮಾಡುವಾಗ ಚುಚ್ಚುವ ಔಷಧಿಯಲ್ಲಿ ಗ್ಯಾಡೊಲಿನಿಯಂ ಇರುತ್ತದೆ. ರೋಗಿಯ ಮೂತ್ರದಲ್ಲಿ ಹೋಗಿ, ಕೊಳಚೆ ಶುದ್ಧೀಕರಣ ಘಟಕವನ್ನೂ ದಾಟಿ ನದಿ ಸೇರುತ್ತಿತ್ತು. 2011ರಲ್ಲಿ ರೈನ್ ನದಿಯಲ್ಲಿ ಲ್ಯಾಂಥನಮ್ ಎದ್ದು ನಿಂತದ್ದನ್ನು ವರದಿ ಮಾಡಿದರು. ವರ್ಮ್ಸ್ ಪಟ್ಟಣದ ಹತ್ತಿರ ಪೆಟ್ರೋಲಿಯಂ ವೇಗವರ್ಧಕ ತಯಾರಿಸುವ ಕಾರ್ಖಾನೆಯ ಕೊಳವೆಯವರೆಗೆ ಅದರ ಜಾಡು ಹಿಡಿದು ಹೋದರು. ಇವು ನದಿಯ ಕತೆಗಳು, ನಿಜ. ಆದರೆ ನದಿ ನೀರೇ ಹೊಲಕ್ಕೆ ಬರುವುದು. ಮಣ್ಣಿನಲ್ಲೂ ಇದೇ ಗೆರೆ ಎಳೆದು ನೋಡಬಹುದು. ಒಟ್ಟು ಪ್ರಮಾಣ ತೀರಾ ಕಡಿಮೆ ಇದ್ದರೂ ಹೊರಗಿನಿಂದ ಬಂದದ್ದು ಸಿಕ್ಕಿಬೀಳುತ್ತದೆ.

ಅಪಾಯವನ್ನು ಅಳೆಯುವ ಸೂತ್ರಗಳ ಬಗ್ಗೆ ಎರಡು ಮಾತು. ಸ್ವೀಡನ್ನಿನ ಲಾರ್ಸ್ ಹಾಕನ್ಸನ್ 1980ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಸಹಜ ಮಟ್ಟಕ್ಕಿಂತ ಲೋಹ ಎಷ್ಟು ಪಟ್ಟು ಇದೆ ಎಂದು ನೋಡಿ, ಅದನ್ನು ಆ ಲೋಹದ ವಿಷದ ಅಂಕದಿಂದ ಗುಣಿಸುವುದು. ಪಾದರಸಕ್ಕೆ 40, ಕ್ಯಾಡ್ಮಿಯಂಗೆ 30, ಆರ್ಸೆನಿಕ್‌ಗೆ 10, ಸೀಸ ಮತ್ತು ತಾಮ್ರಕ್ಕೆ 5, ಕ್ರೋಮಿಯಂಗೆ 2, ಸತುವಿಗೆ 1. ಉತ್ತರ 40ಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ ಎಂದು ಲೆಕ್ಕ. ಅವರು ಇದನ್ನು ಮಾಡಿದ್ದು ಸರೋವರದ ತಳದ ಹೂಳಿಗೆ. ಈಗ ಮಣ್ಣಿನ ಮೇಲೆ ಬರುವ ಎಷ್ಟೋ ಪ್ರಬಂಧಗಳು ಇದನ್ನು ಹಾಗೇ ಎತ್ತಿ ಬಳಸುತ್ತವೆ.

ಒಂದು ಲೆಕ್ಕ ಮಾಡೋಣ. ಸಹಜವಾಗಿ ಕಿಲೋಗೆ 70 ಮಿಲಿಗ್ರಾಂ ಸತು ಇರುವ ಮಣ್ಣಿನಲ್ಲಿ 700 ಇದೆ ಅಂತಿಟ್ಟುಕೊಳ್ಳಿ. ಹತ್ತು ಪಟ್ಟು, ಗುಣಿಸು 1, ಉತ್ತರ 10. ಅಪಾಯ ಕಡಿಮೆ! ಆದರೆ ಏವನ್‌ಮೌತ್ ಸುತ್ತ ಎರೆಹುಳು ಇಲ್ಲದಂತೆ ಮಾಡಿದ ಮುಖ್ಯ ಲೋಹ ಸತುವೇ ಎಂದು ಅಲ್ಲಿ ಕೆಲಸ ಮಾಡಿದವರು ತೋರಿಸಿದ್ದಾರೆ. ಪ್ರಯೋಗಾಲಯದ ಮಣ್ಣಿನಲ್ಲಿ ಕೆಲವು ನೂರು ಮಿಲಿಗ್ರಾಂ ಸತುವಿಗೇ ಎರೆಹುಳುಗಳು ಮೊಟ್ಟೆಕೋಶ ಇಡುವುದು ಅರ್ಧಕ್ಕೆ ಇಳಿಯುತ್ತದೆ. ಸೂತ್ರ ಕೆಟ್ಟದ್ದಲ್ಲ. ಅದನ್ನು ಯಾವುದಕ್ಕಾಗಿ ಮಾಡಿದ್ದರೋ ಅದನ್ನು ಬಿಟ್ಟು ಎಲ್ಲದಕ್ಕೂ ಬಳಸುವುದು ಕೆಟ್ಟದ್ದು. ವಿರಳ ಭೂಧಾತುಗಳಿಗೂ ಇತ್ತೀಚೆಗೆ ಇಂಥ ಅಂಕಗಳನ್ನು ಕೊಟ್ಟಿದ್ದಾರೆ. ಆ ಅಂಕಗಳ ಹಿಂದೆ ಎರೆಹುಳುವಿನ, ಬೇರಿನ, ಬ್ಯಾಕ್ಟೀರಿಯಾದ ಪರೀಕ್ಷೆ ಎಷ್ಟಿದೆ ಎಂದು ಕೇಳದೆ ನಾನಂತೂ ನಂಬುವುದಿಲ್ಲ.

ಸರಿಪಡಿಸುವುದು ಹೇಗೆ? ಮಣ್ಣನ್ನೇ ಅಗೆದು ತೆಗೆಯುವುದು ದುಬಾರಿ, ಸಣ್ಣ ಜಾಗಕ್ಕೆ ಮಾತ್ರ ಸರಿ. ಹುಳಿಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ, ಸತು, ಸೀಸ ಗಟ್ಟಿಯಾಗಿ ಕೂರುತ್ತವೆ. ಸೀಸಕ್ಕೆ ಫಾಸ್ಫೇಟ್ ಕೊಟ್ಟರೆ ಕರಗದ ಖನಿಜವಾಗುತ್ತದೆ. ಆದರೆ ಅದೇ ಫಾಸ್ಫೇಟ್ ಆರ್ಸೆನಿಕ್ಕನ್ನು ಸಡಿಲ ಮಾಡುತ್ತದೆ, ಎಚ್ಚರ. ಸುಣ್ಣದ ಕೆಲಸವೂ ಶಾಶ್ವತವಲ್ಲ. ಮಣ್ಣು ಮತ್ತೆ ಹುಳಿಯಾಗುತ್ತದೆ, ಮತ್ತೆ ಹಾಕಬೇಕು.

ಗಿಡಗಳಿಂದ ಲೋಹ ತೆಗೆಸುವ ಮಾತು ಎಲ್ಲರಿಗೂ ಇಷ್ಟ, ನನಗೂ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಒಂದು ಮರವಿದೆ. ಅದರ ಹಾಲು ನೀಲಿಹಸಿರು. ಆ ಹಾಲು ಒಣಗಿದರೆ ಕಾಲು ಭಾಗದಷ್ಟು ತೂಕ ನಿಕಲ್! ಗಾಂಜೌ ಗಣಿಯ ಬೋಳು ಗುಡ್ಡಗಳ ಮೇಲೆ ತಾನಾಗಿ ಬೆಳೆಯುವ ಡೈಕ್ರಾನೊಪ್ಟೆರಿಸ್ ಎಂಬ ಜರೀಗಿಡ ಒಣ ಎಲೆಯ ಕಿಲೋಗೆ ಎರಡು ಗ್ರಾಂಗೂ ಹೆಚ್ಚು ವಿರಳ ಭೂಧಾತು ತುಂಬಿಕೊಳ್ಳಬಲ್ಲದು. ಆದರೆ ಲೆಕ್ಕ ಹಾಕಿ ನೋಡಬೇಕು. ಒಂದು ಹೆಕ್ಟೇರಿನ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 2,600 ಟನ್. ಕಿಲೋಗೆ 2 ಮಿಲಿಗ್ರಾಂ ಇರುವ ಕ್ಯಾಡ್ಮಿಯಂ 1ಕ್ಕೆ ಇಳಿಯಬೇಕಾದರೆ ಹೊರಗೆ ಹೋಗಬೇಕಾದ್ದು 2.6 ಕಿಲೋ. ಸಾಮಾನ್ಯ ಬೆಳೆಯೊಂದು ಹತ್ತು ಟನ್ ಬೆಳೆದು ಕಿಲೋಗೆ 1 ಮಿಲಿಗ್ರಾಂ ಹೀರಿದರೆ ಒಂದು ಬೆಳೆಗೆ 10 ಗ್ರಾಂ. 260 ಬೆಳೆ ಬೇಕು. ಲೋಹ ಹೀರುವುದರಲ್ಲೇ ಪಳಗಿದ ಗಿಡ ಎರಡೇ ಟನ್ ಬೆಳೆದು ಕಿಲೋಗೆ 100 ಮಿಲಿಗ್ರಾಂ ಹೀರಿದರೆ ಒಂದು ಬೆಳೆಗೆ 200 ಗ್ರಾಂ, 13 ಬೆಳೆ. ಮಣ್ಣಿನಲ್ಲಿ ಸಿಗುವ ಲೋಹ ಕಡಿಮೆಯಾದಂತೆ ಗಿಡ ಹೀರುವುದೂ ಕಡಿಮೆಯಾಗುತ್ತದೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ಆ ಗಿಡಗಳನ್ನು ಕೊಯ್ದು ದೂರ ಸಾಗಿಸಲೂ ಬೇಕು. ಅಲ್ಲೇ ಬಿಟ್ಟರೆ ಎಲ್ಲಾ ವಾಪಸ್. ಆದರೂ ಬೋಳು ಗುಡ್ಡದ ಮೇಲೆ ಆ ಜರೀಗಿಡ ಇದ್ದರೆ ಮಣ್ಣು ಕೊಚ್ಚಿಹೋಗುವುದು, ಧೂಳು ಏಳುವುದು ನಿಲ್ಲುತ್ತದೆ. ಎಷ್ಟೋ ಕಡೆ ಅದೇ ದೊಡ್ಡ ಲಾಭ. ಜಾಂಬಿಯಾದ ಕಾಬ್ವೆಯಲ್ಲಿ ಸೀಸದ ಗಣಿ 1994ರಲ್ಲಿ ಮುಚ್ಚಿದರೂ ಮಕ್ಕಳ ರಕ್ತದಲ್ಲಿ ಇಂದಿಗೂ ಸೀಸ ಸಿಗುತ್ತಿರುವುದು ಮುಖ್ಯವಾಗಿ ಆ ಧೂಳಿನಿಂದ.

ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿದ್ದ ರೈತರೊಬ್ಬರು ಕೇಳಿದರು: "ಸರ್, ಇಷ್ಟೆಲ್ಲ ಹೇಳಿದ್ರಿ. ನಾನು ಮಣ್ಣು ಪರೀಕ್ಷೆಗೆ ಕೊಟ್ಟರೆ ಅವರಿಗೆ ಏನು ಅಂತ ಕೇಳಲಿ?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮೊದಲು ಪಿಎಚ್ (ಮಣ್ಣಿನ ಹುಳಿಯ ಅಳತೆ) ಮತ್ತು ಸಾವಯವ ಇಂಗಾಲ ಕೇಳಿ, ಅವಿಲ್ಲದೆ ಲೋಹದ ಯಾವ ಸಂಖ್ಯೆಗೂ ಅರ್ಥವಿಲ್ಲ. ಆಮೇಲೆ ಪ್ರತಿ ಲೋಹಕ್ಕೂ ಎರಡು ಸಂಖ್ಯೆ ಕೇಳಿ. ಒಂದು ಒಟ್ಟು ಎಷ್ಟಿದೆ ಎಂದು, ಇನ್ನೊಂದು ಡಿಟಿಪಿಎ (ಲೋಹವನ್ನು ಹಿಡಿದುಕೊಳ್ಳುವ ಒಂದು ರಾಸಾಯನಿಕ) ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಎಷ್ಟು ಬಿಟ್ಟುಬರುತ್ತದೆ ಎಂದು. ಬೇರಿಗೆ ಸಿಗುವುದರ ಅಂದಾಜು ಎರಡನೆಯದು. ಮಾದರಿ ತೆಗೆಯುವಾಗ ಮೇಲಿನ ಮಣ್ಣು ಬೇರೆ, ಮೂರು ಅಡಿ ಕೆಳಗಿನದು ಬೇರೆ ಚೀಲದಲ್ಲಿ ಹಾಕಿ. ಮೇಲೆ ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಹೊರಗಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆ ಒಂದೇ ಇದ್ದರೆ ಬಹುಶಃ ಅಲ್ಲಿನ ಬಂಡೆಯದ್ದೇ. ವಿರಳ ಭೂಧಾತು ಅಳೆಸುವುದಾದರೆ ಒಂದೆರಡನ್ನು ಅಳೆಸಬೇಡಿ, ಇಡೀ ಸಾಲನ್ನು ಅಳೆಸಿ, ಇಲ್ಲದಿದ್ದರೆ ಆ ಗೆರೆ ಎಳೆಯಲು ಬರುವುದಿಲ್ಲ. ಮತ್ತೆ, ಮಣ್ಣು ತೆಗೆಯಲು ಕಬ್ಬಿಣದ ತುಕ್ಕು ಹಿಡಿದ ಸಲಿಕೆ, ಬಣ್ಣ ಬಳಿದ ಬಕೆಟ್ಟು ಬೇಡ. ಸ್ವಚ್ಛವಾದ ಸ್ಟೀಲ್ ಸಲಿಕೆ ಮತ್ತು ಹೊಸ ಪ್ಲಾಸ್ಟಿಕ್ ಚೀಲ ಸಾಕು.